ಹೂವಿಲ್ಲದ ಸಂಪಿಗೆಯ ಕಂಪು: ಗಂಧಯುಕ್ತಿಯ ಒಂದು ಚರಿತ್ರೆ

ಕನ್ನಡದಲ್ಲಿ ಇಂದು ‘ಗಂಧ’ ಎಂದೊಡನೆ ನೆನಪಾಗುವುದು ಶ್ರೀಗಂಧದ ಮರ, ಇಲ್ಲವೇ ಸಾಣೆಕಲ್ಲಿನ ಮೇಲೆ ತೇಯ್ದ ಚಂದನ. ಸಂಸ್ಕೃತದಲ್ಲಿ ಈ ಶಬ್ದ ಮೂಗಿಗೆ ಗೋಚರವಾಗುವ ಎಲ್ಲ ಗುಣಗಳಿಗೂ ಸಲ್ಲುತ್ತದೆ. ಒಂದು ಇಂದ್ರಿಯವಿಷಯದ ಹೆಸರು ಒಂದು ಮರದ ಹೆಸರಾಗಿ ನಿಂತಿರುವುದು ಈ ನಾಡಿನಲ್ಲಿ ಆ ಮರಕ್ಕಿದ್ದ ಸ್ಥಾನವನ್ನು ಹೇಳುತ್ತದೆ. ಇದೇ ಕ್ಷೇತ್ರದ ಬೇರೆ ಶಬ್ದಗಳು ಬೇರೆ ದಾರಿ ಹಿಡಿದಿವೆ. ‘ವಾಸನೆ’ ಮೂಲತಃ ಒಳಿತು ಕೆಡುಕುಗಳ ಸೋಂಕಿಲ್ಲದ ಮಾತು. ಇಂದಿನ ಬಳಕೆಯಲ್ಲಿ ಅದು ಕೆಟ್ಟದ್ದರ ಕಡೆಗೆ ವಾಲಿದೆ. ಹಳಗನ್ನಡದ ‘ನಾಱು’ ಧಾತು ಕಂಪಿಗೂ ಸಲ್ಲುತ್ತಿತ್ತು; ಹೊಸಗನ್ನಡದ ‘ನಾರು’ ದುರ್ಗಂಧಕ್ಕೆ ಮಾತ್ರ ಉಳಿದಿದೆ. ಅದಕ್ಕೆ ನಂಟಾದ ‘ನಱು’ ಎಂಬುದು ‘ನರುಗಂಪು’ ಎಂಬ ಸಮಾಸದಲ್ಲಿ ಇನ್ನೂ ತನ್ನ ಮಾನವನ್ನು ಉಳಿಸಿಕೊಂಡಿದೆ. ಹೀಗೆ ಪರಿಮಳದ ಶಬ್ದಕೋಶವೇ ಒಂದು ಸಣ್ಣ ಚರಿತ್ರೆ.

ಈ ಚರಿತ್ರೆಯನ್ನು ಮತ್ತೆ ನೋಡಲು ಇಂದಿನ ಅಂಗಡಿಗಳು ಒಂದು ಕಾರಣ ಒದಗಿಸಿವೆ. ಸುಗಂಧಿತ ಮೇಣದಬತ್ತಿ, ಅತ್ತರು, ಊದುಬತ್ತಿಗಳ ಮೇಲೆ ‘ಮಳೆ ಬಿದ್ದ ಮಣ್ಣು’, ‘ಕಾಡು’, ‘ಕಡಲ ಗಾಳಿ’, ‘ಶ್ರೀಗಂಧ’ ಎಂಬ ಹೆಸರುಗಳಿರುತ್ತವೆ. ಒಳಗೆ ಮಣ್ಣೂ ಇರುವುದಿಲ್ಲ, ಕಡಲೂ ಇರುವುದಿಲ್ಲ. ಎಷ್ಟೋ ಸಲ ಶ್ರೀಗಂಧವೂ ಇರುವುದಿಲ್ಲ. ಇದನ್ನು ಕೆಲವರು ಆಧುನಿಕ ವ್ಯಾಪಾರದ ವಂಚನೆ ಎನ್ನುತ್ತಾರೆ. ಮತ್ತೆ ಕೆಲವರು ಯುರೋಪಿನ ರಸಾಯನಶಾಸ್ತ್ರದ ಆವಿಷ್ಕಾರ ಎನ್ನುತ್ತಾರೆ. ಭಾರತೀಯ ಗಂಧಶಾಸ್ತ್ರದ ಗ್ರಂಥಗಳನ್ನು ತೆರೆದು ನೋಡಿದರೆ ಎರಡು ಮಾತುಗಳೂ ನಿಲ್ಲುವುದಿಲ್ಲ. ನಿಸರ್ಗದ ಒಂದು ಕಂಪನ್ನು ಅದರ ಮೂಲವಸ್ತುವಿಲ್ಲದೆ ಕಟ್ಟಿ ನಿಲ್ಲಿಸುವ ವಿದ್ಯೆ ಇಲ್ಲಿ ಹದಿನಾಲ್ಕು ಶತಮಾನಗಳಷ್ಟಾದರೂ ಹಳೆಯದು. ಅದರ ಹೆಸರು ಗಂಧಯುಕ್ತಿ.

ವರಾಹಮಿಹಿರನ ಹೂಗಳು

6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ ಜ್ಯೋತಿಷಗ್ರಂಥವೆಂದು ಪ್ರಸಿದ್ಧ. ಅಂತರ್ಜಲ, ವೃಕ್ಷಾಯುರ್ವೇದ, ವಾಸ್ತು, ರತ್ನಪರೀಕ್ಷೆಗಳ ಜೊತೆಗೆ ಅದರಲ್ಲಿ ಗಂಧಯುಕ್ತಿಯ ಒಂದು ಅಧ್ಯಾಯವೂ ಇದೆ. ಕೇಶತೈಲ, ಸ್ನಾನಚೂರ್ಣ, ಧೂಪ, ಮುಖವಾಸ, ಹಲ್ಲುಜ್ಜುವ ಕಡ್ಡಿ ಇವುಗಳ ಪಾಕಕ್ರಮಗಳು ಅಲ್ಲಿ ಬರುತ್ತವೆ. ಅವುಗಳ ನಡುವೆ ಇರುವ ಒಂದು ಪದ್ಯದ ವಿಷಯ ವಿಶೇಷ ಗಮನಕ್ಕೆ ಯೋಗ್ಯವಾದುದು.

ಪತ್ರ, ತುರುಷ್ಕ, ವಾಲಕ, ತಗರ ಈ ನಾಲ್ಕನ್ನು ಸಮಭಾಗ ಸೇರಿಸಿದರೆ ಒಂದು ಗಂಧ ಸಿದ್ಧವಾಗುತ್ತದೆ. ಅದಕ್ಕೆ ಸ್ಮರೋದ್ದೀಪನವೆಂದು ಹೆಸರು. ಇದರಲ್ಲಿ ಪತ್ರವು ದಾಲ್ಚಿನ್ನಿ ಜಾತಿಯ ಎಲೆ, ತುರುಷ್ಕವು ಮರದ ಅಂಟು, ವಾಲಕ ಮತ್ತು ತಗರಗಳು ಬೇರುಗಳು. ಒಂದೂ ಹೂವಲ್ಲ. ಇದೇ ಮಿಶ್ರಣಕ್ಕೆ ಕೋಷ್ಠವನ್ನು ಸೇರಿಸಿದರೆ ನೈದಿಲೆಯ ಕಂಪು. ಚಂದನವನ್ನು ಸೇರಿಸಿದರೆ ಸಂಪಿಗೆಯ ಕಂಪು. ಜಾಯಿಕಾಯಿ, ಚಕ್ಕೆ, ಕೊತ್ತಂಬರಿ ಬೀಜಗಳನ್ನು ಸೇರಿಸಿದರೆ ಅತಿಮುಕ್ತಕದ ಕಂಪು. ಮೂಲಮಿಶ್ರಣಕ್ಕೆ ಇನ್ನೊಂದು ದ್ರವ್ಯವನ್ನು ಕೂಡಿಸಿ ಕಟುಕ ಮತ್ತು ಇಂಗಿನ ಹೊಗೆ ಕೊಟ್ಟರೆ ಬಕುಳದ ಕಂಪು.

ಇಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಗ್ರಂಥಕಾರ ಹೂವಿನ ಕಂಪನ್ನು ಒಡೆಯಲಾಗದ ಒಂದು ವಸ್ತುವೆಂದು ಕಾಣುತ್ತಿಲ್ಲ. ಭಾಗಗಳಿಂದ ಕೂಡಿದ ಒಂದು ರಚನೆಯೆಂದು ಕಾಣುತ್ತಿದ್ದಾನೆ. ತಳಹದಿ ಒಂದೇ, ಮೇಲೆ ಸೇರುವ ದ್ರವ್ಯ ಬದಲಾದಂತೆ ಹೂವೂ ಬದಲಾಗುತ್ತದೆ. ಎರಡನೆಯದು, ಬಕುಳದ ಸುಗಂಧಕ್ಕೆ ಇಂಗಿನ ಹೊಗೆ ಬೇಕೆಂಬ ಮಾತು. ಒಂಟಿಯಾಗಿ ಯಾರೂ ಸುಗಂಧವೆನ್ನದ ದ್ರವ್ಯವೊಂದು ಸುಗಂಧದ ಅಂಗವಾಗುತ್ತದೆ. ಮಲ್ಲಿಗೆ ಜಾತಿಯ ಹೂಗಳ ಕಂಪಿನಲ್ಲಿ ಇಂಡೋಲ್ ಎಂಬ ಸಂಯುಕ್ತವಿರುತ್ತದೆ, ಅದೇ ಸಂಯುಕ್ತ ಮಲದ ದುರ್ವಾಸನೆಯಲ್ಲಿಯೂ ಇರುತ್ತದೆ ಎಂಬುದು ಇಂದಿನ ರಸಾಯನಶಾಸ್ತ್ರಕ್ಕೆ ತಿಳಿದ ವಿಷಯ. ಅದು ಇಲ್ಲದ ಮಲ್ಲಿಗೆ ಮೂಗಿಗೆ ಸಪ್ಪೆಯಾಗುತ್ತದೆ. ಪ್ರಾಚೀನ ಗಂಧಿಗನಿಗೆ ಸಂಯುಕ್ತದ ಹೆಸರು ಗೊತ್ತಿರಲಿಲ್ಲ. ಅನುಭವದಿಂದ ತತ್ತ್ವ ಗೊತ್ತಿತ್ತು.

ಇನ್ನೊಂದು ಕಡೆ ವರಾಹಮಿಹಿರ ಮಂಜಿಷ್ಠ, ವ್ಯಾಘ್ರನಖ, ಶುಕ್ತಿ, ಚಕ್ಕೆ, ಕೋಷ್ಠ, ರಸ ಇವುಗಳ ಚೂರ್ಣವನ್ನು ಎಣ್ಣೆಯಲ್ಲಿ ಬೆರೆಸಿ ಬಿಸಿಲಿಗಿಟ್ಟು ಸಂಪಿಗೆಯೆಣ್ಣೆಯನ್ನು ಸಾಧಿಸುವ ಕ್ರಮವನ್ನು ಹೇಳುತ್ತಾನೆ. ಅಲ್ಲಿಯೂ ಸಂಪಿಗೆಯ ಒಂದು ಎಸಳೂ ಇಲ್ಲ.

ಕಂಪಿನ ಗಣಿತ

ಗಂಧಯುಕ್ತಿಯಲ್ಲಿ ‘ಯುಕ್ತಿ’ ಎಂದರೆ ಕೂಡಿಸುವಿಕೆ. ಕೂಡಿಸುವಿಕೆ ಇದ್ದಲ್ಲಿ ಎಣಿಕೆಯೂ ಇರುತ್ತದೆ. ವರಾಹಮಿಹಿರ 16 ದ್ರವ್ಯಗಳ ಒಂದು ಗಣವನ್ನು ಕೊಡುತ್ತಾನೆ. ತುಂಗೆಗಡ್ಡೆ, ಕಲ್ಲುಹೂವು, ಲಾವಂಚ, ನಾಗಪುಷ್ಪ, ಅಗರು, ದವನ, ತಗರ, ಕೊತ್ತಂಬರಿ, ಚಂದನ ಮೊದಲಾದ ಇವುಗಳಲ್ಲಿ ಹೆಚ್ಚಿನವು ಕನ್ನಡ ನಾಡಿನ ಗ್ರಂಥಿಗೆ ಅಂಗಡಿಗಳಲ್ಲಿ ಇಂದಿಗೂ ದೊರೆಯುತ್ತವೆ. ಈ 16ರಲ್ಲಿ ಯಾವುದಾದರೂ ನಾಲ್ಕನ್ನು ಆರಿಸುವ ಬಗೆಗಳು 1820 ಎಂದು ಅವನು ಸರಿಯಾಗಿ ಹೇಳುತ್ತಾನೆ. ಆರಿಸಿದ ನಾಲ್ಕನ್ನು ಒಂದು, ಎರಡು, ಮೂರು, ನಾಲ್ಕು ಪಾಲುಗಳಲ್ಲಿ ಹಂಚಿ ಬೆರೆಸಬೇಕು. ಒಂದೊಂದು ದ್ರವ್ಯವನ್ನು ಮುಂದಿಟ್ಟು ಎಣಿಸಿದರೆ 24 ಬಗೆಗಳು, ನಾಲ್ಕಕ್ಕೆ 96. ಆದುದರಿಂದ 1820ನ್ನು 96ರಿಂದ ಗುಣಿಸಿ 1,74,720 ಗಂಧಗಳೆಂದು ಲೆಕ್ಕ. ಒಂದೇ ಮಿಶ್ರಣವನ್ನು ಒಂದೇ ಸಲ ಎಣಿಸಿದರೆ ಈ ಸಂಖ್ಯೆ 43,680ಕ್ಕೆ ಇಳಿಯುತ್ತದೆ. 10ನೆಯ ಶತಮಾನದ ಭಟ್ಟೋತ್ಪಲನ ವ್ಯಾಖ್ಯಾನ ಈ ಭಾಗದ ಅಧ್ಯಯನಕ್ಕೆ ಮುಖ್ಯ ಆಧಾರ. ಸಂಯೋಜನ ಗಣಿತದ ಚರಿತ್ರೆಯನ್ನು ಬರೆಯುವವರು ಛಂದಶ್ಶಾಸ್ತ್ರದ ಪ್ರಸ್ತಾರಗಳ ಜೊತೆಗೆ ಈ ಗಂಧಗಣಿತವನ್ನೂ ಉಲ್ಲೇಖಿಸುವುದು ಇದಕ್ಕಾಗಿ.

ಸಂಖ್ಯೆ ತಪ್ಪೋ ಸರಿಯೋ ಎಂಬುದಕ್ಕಿಂತ ಅದರ ಹಿಂದಿರುವ ದೃಷ್ಟಿ ಮುಖ್ಯ. ನಿಸರ್ಗ ಕೊಟ್ಟ ಕಂಪುಗಳು ಬೆರಳೆಣಿಕೆಯವು. ಯುಕ್ತಿಯಿಂದ ಹುಟ್ಟುವ ಕಂಪುಗಳು ಲಕ್ಷವನ್ನು ದಾಟುತ್ತವೆ. ಗಂಧಿಗ ನಿಸರ್ಗದ ಅನುಕರಣೆಯಲ್ಲಿ ತೊಡಗಿ ಅದನ್ನು ಮೀರುವ ಬಗೆ ಇದು.

ಆರು ಕರ್ಮಗಳು

ಗಂಧಶಾಸ್ತ್ರದ ಸ್ವತಂತ್ರ ಗ್ರಂಥಗಳಲ್ಲಿ ಉಳಿದು ಬಂದಿರುವುದು ಗಂಗಾಧರನ ‘ಗಂಧಸಾರ’. ಅದರೊಂದಿಗೆ ಮರಾಠಿ ಟೀಕೆಯುಳ್ಳ ‘ಗಂಧವಾದ’ವೆಂಬ ಇನ್ನೊಂದು ಕೃತಿಯೂ ದೊರೆತಿದೆ. ಪುಣೆಯ ವಿದ್ವಾಂಸ ಪಿ. ಕೆ. ಗೋಡೆ ಅವರು 1940ರ ದಶಕದಲ್ಲಿ ಈ ಹಸ್ತಪ್ರತಿಯನ್ನು ಬೆಳಕಿಗೆ ತಂದರು. 1989ರಲ್ಲಿ ಬರೋಡದ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದು ಅಚ್ಚಾಯಿತು. ಜೇಮ್ಸ್ ಮೆಕ್‌ಹ್ಯೂ ಅವರು 2012ರಲ್ಲಿ ಪ್ರಕಟಿಸಿದ, ಭಾರತೀಯ ಧರ್ಮ ಮತ್ತು ಸಂಸ್ಕೃತಿಯಲ್ಲಿ ಗಂಧದ ಸ್ಥಾನವನ್ನು ಕುರಿತ ಗ್ರಂಥ ಈ ಕೃತಿಗಳನ್ನು ವಿಸ್ತಾರವಾಗಿ ಬಳಸಿಕೊಂಡಿದೆ.

ಗಂಗಾಧರ ದ್ರವ್ಯಸಂಸ್ಕಾರಕ್ಕೆ ಆರು ಕರ್ಮಗಳನ್ನು ಹೇಳುತ್ತಾನೆ: ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ. ಚೂರ್ಣವನ್ನು ದ್ರವದಲ್ಲಿ ನೆನೆಸಿ ಒಣಗಿಸುವುದು ಭಾವನ, ಬೇಯಿಸುವುದು ಪಾಚನ. ಬೆಂದ ದ್ರವ್ಯದಲ್ಲಿ ಮಂಕಾದ ಕಂಪನ್ನು ಮತ್ತೆ ಎಬ್ಬಿಸುವುದು ಬೋಧ. ತೀಕ್ಷ್ಣದ್ರವ್ಯದಿಂದ ಅದನ್ನು ಒಳಹೊಗಿಸುವುದು ವೇಧ. ಹೊಗೆ ಹಿಡಿಯುವುದು ಧೂಪನ; ಹೂಗಳ ಸಹವಾಸದಿಂದ ಕಂಪೇರಿಸುವುದು ವಾಸನ. ಬೋಧ, ವೇಧಗಳಂತಹ ಶಬ್ದಗಳು ದೀಕ್ಷೆಯ, ರಸವಾದದ ಪರಿಭಾಷೆಗೆ ಹತ್ತಿರವಾಗಿರುವುದು ಆಕಸ್ಮಿಕವಲ್ಲ. ಜಡದ್ರವ್ಯವನ್ನು ಸಂಸ್ಕಾರದಿಂದ ಎಚ್ಚರಿಸಬಹುದೆಂಬ ನಂಬಿಕೆ ಈ ಎಲ್ಲ ಶಾಸ್ತ್ರಗಳಿಗೂ ಸಮಾನ.

ವಾಸನಕರ್ಮದ ಪ್ರಸಿದ್ಧ ನಿದರ್ಶನ ಎಳ್ಳು ಮತ್ತು ಹೂವು. ಎಳ್ಳನ್ನೂ ಮಲ್ಲಿಗೆಯಂತಹ ಹೂಗಳನ್ನೂ ಪದರಪದರವಾಗಿ ಹರಡಿ, ಹೂ ಬಾಡಿದಂತೆ ಹೊಸ ಹೂವನ್ನಿಟ್ಟು, ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಹಾಕಿದರೆ ಪುಷ್ಪವಾಸಿತ ತೈಲ ದೊರೆಯುತ್ತದೆ. ಕೊಯ್ದ ಮೇಲೂ ಮಲ್ಲಿಗೆ ಕೆಲವು ಗಂಟೆಗಳ ಕಾಲ ಕಂಪನ್ನು ಸೂಸುತ್ತಲೇ ಇರುವುದರಿಂದ ಇದು ಸಾಧ್ಯ. ಫ್ರಾನ್ಸಿನ ಗ್ರಾಸ್ ಪಟ್ಟಣದವರು ಗಾಜಿನ ಹಲಗೆಗೆ ಕೊಬ್ಬು ಬಳಿದು ಅದರ ಮೇಲೆ ಮಲ್ಲಿಗೆಯನ್ನು ಹರಡುತ್ತಿದ್ದುದೂ ಇದೇ ತತ್ತ್ವದಿಂದ. ಹಿಂದಿನ ಅನುಭವ ಚಿತ್ತದಲ್ಲಿ ಉಳಿಸುವ ಮುದ್ರೆಯನ್ನು ಭಾರತೀಯ ದಾರ್ಶನಿಕರು ‘ವಾಸನೆ’ ಎಂದು ಕರೆದದ್ದಕ್ಕೆ ಎಳ್ಳುಹೂಗಳ ಈ ದೃಷ್ಟಾಂತವೇ ನೆರವಾಯಿತು. ಹೂವು ಹೋದರೂ ಎಳ್ಳಿನಲ್ಲಿ ಕಂಪು ಉಳಿಯುತ್ತದೆ.

ಕನ್ನಡದ ಗಂಧಶಾಸ್ತ್ರ

ಈ ವಿದ್ಯೆ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಕವಿ ಚಾವುಂಡರಾಯ ‘ಲೋಕೋಪಕಾರ’ವನ್ನು ರಚಿಸಿದ. ಶ್ರವಣಬೆಳ್ಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ, 978ರಲ್ಲಿ ‘ಚಾವುಂಡರಾಯ ಪುರಾಣ’ವನ್ನು ಬರೆದ ಗಂಗಮಂತ್ರಿ ಬೇರೆ, ಈತ ಬೇರೆ. ಲೋಕೋಪಕಾರ ಹೆಸರಿಗೆ ತಕ್ಕಂತೆ ಲೋಕದ ನಿತ್ಯವ್ಯವಹಾರಕ್ಕೆ ಬೇಕಾದ ವಿದ್ಯೆಗಳ ಕೋಶ. ಜ್ಯೋತಿಷ, ವಾಸ್ತು, ಅಂತರ್ಜಲಶೋಧ, ವೃಕ್ಷಾಯುರ್ವೇದ, ಪಾಕಶಾಸ್ತ್ರ, ವೈದ್ಯ, ಶಕುನಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಅದರಲ್ಲಿ ಒಂದು ಅಧ್ಯಾಯ ಮೀಸಲಾಗಿದೆ. ವಿಷಯಗಳ ಆಯ್ಕೆಯಲ್ಲಿ ಬೃಹತ್ಸಂಹಿತೆಯ ನೆರಳು ಕಾಣುತ್ತದೆ. 1950ರಲ್ಲಿ ಎಚ್. ಶೇಷಯ್ಯಂಗಾರ್ಯರ ಸಂಪಾದಕತ್ವದಲ್ಲಿ ಮದರಾಸಿನಿಂದ ಕೃತಿ ಪ್ರಕಟವಾಯಿತು. 2006ರಲ್ಲಿ ಇಂಗ್ಲಿಷ್ ಅನುವಾದವೂ ಬಂದಿತು.

ಶ್ರೀಧರಾಚಾರ್ಯನ ‘ಜಾತಕತಿಲಕ’, ಕೀರ್ತಿವರ್ಮನ ‘ಗೋವೈದ್ಯ’, ರಾಜಾದಿತ್ಯನ ಗಣಿತಗ್ರಂಥಗಳು, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವುಗಳ ಸಾಲಿನಲ್ಲಿ ಲೋಕೋಪಕಾರವನ್ನು ಇಟ್ಟು ನೋಡಬೇಕು. ಚಂಪೂಕಾವ್ಯಗಳನ್ನು ಬರೆದ ಪರಂಪರೆಯೇ ದನದ ರೋಗ, ಹಾವಿನ ವಿಷ, ಹೊಲದ ಅಳತೆ, ಮೈಗೆ ಹಚ್ಚುವ ಗಂಧ ಇವುಗಳನ್ನೂ ಕನ್ನಡ ಪದ್ಯಕ್ಕೆ ತಂದಿತು. ಸಾಹಿತ್ಯಚರಿತ್ರೆಗಳು ಇವನ್ನು ‘ಶಾಸ್ತ್ರಗ್ರಂಥಗಳು’ ಎಂಬ ಒಂದು ಪರಿಚ್ಛೇದದಲ್ಲಿ ಮುಗಿಸುವ ರೂಢಿಯಿಂದ ಆಗಿರುವ ನಷ್ಟ ದೊಡ್ಡದು. ಕಾವ್ಯದಲ್ಲಿ ಯಕ್ಷಕರ್ದಮ, ಕಾಲಾಗರು, ಪಟವಾಸಗಳ ಹೆಸರು ಬಂದಾಗ ವಿದ್ಯಾರ್ಥಿ ಅವನ್ನು ಬರಿಯ ಕವಿಸಮಯವೆಂದು ದಾಟಿಬಿಡುತ್ತಾನೆ. ಅವು ಅಳತೆ, ಪಾಕ, ಹದಗಳಿದ್ದ ನಿಜವಾದ ವಸ್ತುಗಳು ಎಂಬುದನ್ನು ಶಾಸ್ತ್ರಗ್ರಂಥಗಳು ತೋರಿಸಿಕೊಡುತ್ತವೆ.

ಒಂದು ಶತಮಾನದ ಬಳಿಕ ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ರಚಿಸಿದ, ಅದರ ಕಾಲ 1129. ಅರಸನ ಉಪಭೋಗಗಳನ್ನು ವಿವರಿಸುವ ಭಾಗದಲ್ಲಿ ಸ್ನಾನ, ತಾಂಬೂಲ, ವಿಲೇಪನ, ಮಾಲ್ಯ, ಧೂಪ ಇವುಗಳಿಗೆ ಬೇರೆ ಬೇರೆ ಪ್ರಕರಣಗಳಿವೆ. ವಿಲೇಪನಕ್ಕೂ ಧೂಪಕ್ಕೂ ಇರುವ ಈ ಭೇದ ಕೇವಲ ಆಡಂಬರವಲ್ಲ. ಮೈಯ ಬಿಸುಪಿನಲ್ಲಿ ಅರಳುವ ಕಂಪು ಬೇರೆ, ಕೆಂಡದ ಮೇಲೆ ಅರಳುವ ಕಂಪು ಬೇರೆ. ಇಂದಿನ ಮೇಣದಬತ್ತಿ ತಯಾರಕರೂ ಇದೇ ತೊಡಕನ್ನು ಎದುರಿಸುತ್ತಾರೆ. ಸಾಮಾನ್ಯವಾಗಿ ಮೇಣದ ತೂಕದ ಶೇ. 6ರಿಂದ 10ರಷ್ಟು ಸುಗಂಧತೈಲವನ್ನು ಬೆರೆಸುತ್ತಾರೆ. ಮೈಗೆ ಹಚ್ಚಿಕೊಳ್ಳುವ ಅತ್ತರಿನಲ್ಲಿ ಚೆನ್ನಾಗಿರುವ ಮಿಶ್ರಣ ಕರಗಿದ ಮೇಣದ ಶಾಖದಲ್ಲಿ ಹಾಗೆಯೇ ಉಳಿಯುವುದಿಲ್ಲ.

ಪುದ್ಗಲ ಮತ್ತು ಪರಿಣಾಮ

ಗಂಧದ ಸ್ವರೂಪವನ್ನು ಕುರಿತು ದರ್ಶನಗಳಲ್ಲಿ ಮತಭೇದವಿದೆ. ವೈಶೇಷಿಕರ ಪ್ರಕಾರ ಗಂಧ ಪೃಥಿವಿಯೊಂದರದೇ ವಿಶೇಷಗುಣ. ನೀರಿನಲ್ಲಿಯೋ ಗಾಳಿಯಲ್ಲಿಯೋ ಕಂಪು ತೋರಿದರೆ ಅದು ಅಲ್ಲಿ ಬೆರೆತ ಪೃಥಿವಿಯ ಕಣಗಳದು. ಜೈನದರ್ಶನ ಇದನ್ನು ಒಪ್ಪುವುದಿಲ್ಲ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಸ್ಪರ್ಶ, ರಸ, ಗಂಧ, ವರ್ಣ ಈ ನಾಲ್ಕನ್ನೂ ಪುದ್ಗಲಮಾತ್ರದ ಲಕ್ಷಣವೆಂದು ಹೇಳುತ್ತದೆ. ಒಂದು ಪರಮಾಣುವಿನಲ್ಲಿಯೂ ಒಂದು ಗಂಧ ಇದ್ದೇ ಇರುತ್ತದೆ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ವರ್ಣ, ರಸಗಳಿಗೆ ಐದೈದು ಭೇದಗಳನ್ನೂ ಸ್ಪರ್ಶಕ್ಕೆ ಎಂಟನ್ನೂ ಹೇಳಿ, ಗಂಧಕ್ಕೆ ಮಾತ್ರ ಎರಡನ್ನು ಹೇಳುತ್ತದೆ: ಸುರಭಿ, ಅಸುರಭಿ. ಈ ಎರಡೂ ಸ್ಥಿರವಲ್ಲ. ಪುದ್ಗಲ ಪರಿಣಾಮಶೀಲವಾದುದರಿಂದ ಒಂದು ಮತ್ತೊಂದಾಗಬಲ್ಲದು.

‘ಜ್ಞಾತಾಧರ್ಮಕಥಾ’ ಎಂಬ ಆಗಮದ ಒಂದು ಕಥೆ ಇದನ್ನು ನಿರೂಪಿಸುತ್ತದೆ. ಚಂಪಾನಗರಿಯ ಅರಸ ಜಿತಶತ್ರು ಉತ್ತಮ ಭೋಜನವನ್ನು ಹೊಗಳುತ್ತಾನೆ, ಕೋಟೆಯ ಕಂದಕದ ಕೊಳೆತ ನೀರನ್ನು ಹಳಿಯುತ್ತಾನೆ. ಮಂತ್ರಿ ಸುಬುದ್ಧಿ ಎರಡಕ್ಕೂ ಉದಾಸೀನ. ಒಳ್ಳೆಯದು ಕೆಟ್ಟದ್ದಾಗುವುದು, ಕೆಟ್ಟದ್ದು ಒಳ್ಳೆಯದಾಗುವುದು ಪುದ್ಗಲದ ಸ್ವಭಾವವೆಂದು ಅವನ ಮಾತು. ಅರಸ ನಂಬುವುದಿಲ್ಲ. ಮಂತ್ರಿ ಅದೇ ಕಂದಕದ ನೀರನ್ನು ತರಿಸಿ, ಏಳು ವಾರಗಳ ಕಾಲ ಹೊಸ ಮಡಕೆಗಳಲ್ಲಿ ಸೋಸಿ ಸೋಸಿ, ಕ್ಷಾರದಿಂದ ತಿಳಿಯಾಗಿಸಿ, ಸುಗಂಧದ್ರವ್ಯಗಳಿಂದ ಸಂಸ್ಕರಿಸಿ ಅರಸನಿಗೆ ಕುಡಿಯಲು ಕಳುಹಿಸುತ್ತಾನೆ. ಅರಸ ಮೆಚ್ಚಿದ ನೀರು ಅವನು ಮೂಗು ಮುಚ್ಚಿಕೊಂಡಿದ್ದ ನೀರೇ ಆಗಿತ್ತು. ಕಥೆಯ ಉದ್ದೇಶ ರಾಗದ್ವೇಷಗಳ ನಿವೃತ್ತಿ, ಸುಗಂಧವಿದ್ಯೆಯ ಬೋಧನೆಯಲ್ಲ. ಆದರೂ ಇಂಗಿನ ಹೊಗೆಯಿಂದ ಬಕುಳವನ್ನು ಅರಳಿಸಿದ ಗಂಧಿಗನೂ ಕಂದಕದ ನೀರನ್ನು ಪಾನೀಯವಾಗಿಸಿದ ಮಂತ್ರಿಯೂ ಒಂದೇ ಅರಿವಿನ ಎರಡು ಬದಿಗಳಲ್ಲಿ ನಿಂತಿದ್ದಾರೆ.

ಯುರೋಪಿನ ‘ಸ್ವರ’ಗಳು

ಇಂದು ಸುಗಂಧಗಳ ವರ್ಣನೆಯಲ್ಲಿ ಬಳಕೆಯಾಗುವ ‘ನೋಟ್’ ಎಂಬ ಶಬ್ದ ಸಂಗೀತದಿಂದ ಬಂದದ್ದು. 19ನೆಯ ಶತಮಾನದ ಲಂಡನ್ನಿನ ಸುಗಂಧಕಾರ ಸೆಪ್ಟಿಮಸ್ ಪೀಸ್ ಪರಿಮಳಗಳನ್ನು ಸ್ವರಶ್ರೇಣಿಯಂತೆ ಜೋಡಿಸಿ ತೋರಿಸಿದ. 20ನೆಯ ಶತಮಾನದಲ್ಲಿ ವಿಲಿಯಂ ಪೌಚರ್ ದ್ರವ್ಯಗಳು ಆರಿಹೋಗುವ ವೇಗವನ್ನು ಅಳೆದು ಅವಕ್ಕೆ 1ರಿಂದ 100ರವರೆಗೆ ಅಂಕೆಗಳನ್ನು ಕೊಟ್ಟ. ಮೊದಲು ಮೂಗಿಗೆ ಬಂದು ಬೇಗ ಹೋಗುವ ನಿಂಬೆಯಂತಹವು ಮೇಲಿನ ಸ್ವರ. ಮಲ್ಲಿಗೆ, ಗುಲಾಬಿಗಳಂತಹವು ನಡುವಿನ ಸ್ವರ. ಶ್ರೀಗಂಧ, ಲಾವಂಚಗಳಂತೆ ಕೊನೆಯವರೆಗೆ ನಿಲ್ಲುವವು ತಳದ ಸ್ವರ.

ನಿಸರ್ಗದ ಅನುಕರಣೆಗೆ ರಸಾಯನಶಾಸ್ತ್ರದ ಬಲ ಬಂದದ್ದು ಇದೇ ಕಾಲದಲ್ಲಿ. 1868ರಲ್ಲಿ ವಿಲಿಯಂ ಪರ್ಕಿನ್ ಕೂಮರಿನ್‌ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ; 1893ರಲ್ಲಿ ಟೀಮಾನ್ ಮತ್ತು ಕ್ರ್ಯೂಗರ್ ವಯೊಲೆಟ್ ಹೂವಿನ ಕಂಪಿರುವ ಅಯೋನೋನ್‌ಅನ್ನು ಸಾಧಿಸಿದರು. 1882ರಲ್ಲಿ ಪ್ಯಾರಿಸ್ಸಿನ ಉಬಿಗಾಂ ಸಂಸ್ಥೆ ಕೂಮರಿನ್ ಬಳಸಿ ‘ಫೂಜೇರ್ ರಾಯಾಲ್’ ಎಂಬ ಸುಗಂಧವನ್ನು ಹೊರತಂದಿತು. ಹೆಸರಿನ ಅರ್ಥ ರಾಜಜರೀಗಿಡ. ಜರೀಗಿಡಕ್ಕೆ ಹೇಳಿಕೊಳ್ಳುವಂತಹ ಕಂಪೇ ಇಲ್ಲ. ಇದ್ದಿದ್ದರೆ ಹೇಗಿರುತ್ತಿತ್ತೆಂಬ ಕಲ್ಪನೆ ಅಲ್ಲಿ ಸೀಸೆಗೆ ಇಳಿಯಿತು. ಅದರಿಂದ ಸುಗಂಧಗಳ ಒಂದು ಕುಲವೇ ಹುಟ್ಟಿತು. ವರಾಹಮಿಹಿರ ಇದ್ದ ಹೂವನ್ನು ಇಲ್ಲದ ಹೂವಿನಿಂದ ಕಟ್ಟಿದ್ದರೆ, ಇವರು ಇಲ್ಲದ ಕಂಪಿಗೆ ಇರುವ ಗಿಡದ ಹೆಸರನ್ನು ಕೊಟ್ಟರು. ಮುಂದೆ ಸ್ವಿಸ್ ರಸಾಯನಜ್ಞ ರೋಮನ್ ಕೈಸರ್ ಹೂವನ್ನು ಕೊಯ್ಯದೆ, ಗಿಡದಲ್ಲಿರುವಾಗಲೇ ಅದರ ಸುತ್ತಣ ಗಾಳಿಯನ್ನು ಹಿಡಿದು ವಿಶ್ಲೇಷಿಸುವ ಕ್ರಮವನ್ನು ಬೆಳೆಸಿದರು. ಹೂವಿಗೆ ನೋವಾಗದೆ ಹೂವಿನ ಕಂಪು ದೊರೆಯಿತು.

ಮಳೆಯ ಮಣ್ಣು

ಮೊದಲ ಮಳೆಗೆ ಏಳುವ ನೆಲದ ಕಂಪಿಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಒಣಗಿದ ಕಲ್ಲು ಮಣ್ಣುಗಳಲ್ಲಿ ಹೀರಿಕೊಂಡಿದ್ದ ತೈಲಾಂಶ ಅದಕ್ಕೆ ಕಾರಣವೆಂದು ತೋರಿಸಿದರು. ಮರುವರ್ಷ ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ಇನ್ನೊಂದು ದ್ರವ್ಯಕ್ಕೆ ಹೆಸರು ಬಂದಿತು. ಗಮನಿಸಬೇಕಾದುದೆಂದರೆ, ಉತ್ತರ ಪ್ರದೇಶದಲ್ಲಿ ಈ ಕಂಪನ್ನು ಅತ್ತರಾಗಿ ಹಿಡಿಯುವ ಉದ್ಯಮ ಮೊದಲೇ ಇದ್ದುದನ್ನು ಆ ವಿಜ್ಞಾನಿಗಳೇ ಉಲ್ಲೇಖಿಸಿದ್ದಾರೆ. ಕನೌಜಿನ ಗಂಧಿಗರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದೆಣ್ಣೆಯಿರುವ ಪಾತ್ರೆಗೆ ಹಾಯಿಸುತ್ತಾರೆ. ಮಣ್ಣಿನ ಕಂಪಿಗೆ ನೆಲೆ ಕೊಡುವುದು ಚಂದನ. ಉತ್ತರದ ಮಳೆಗೂ ದಕ್ಷಿಣದ ಮರಕ್ಕೂ ಹೀಗೆ ನಂಟು.

ಉಳಿಯುವ ಹೆಸರು

ಆ ಮರದ ಸ್ಥಿತಿಯಲ್ಲಿ ಈ ಚರಿತ್ರೆ ವರ್ತಮಾನವನ್ನು ಮುಟ್ಟುತ್ತದೆ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮೈಸೂರಿನದು ಅದರ ಬೆನ್ನಿಗೆ ಬಂದಿತು. ಶ್ರೀಗಂಧ ಬೇರೆ ಗಿಡಗಳ ಬೇರಿನಿಂದ ಸತ್ತ್ವ ಹೀರಿ ಬೆಳೆಯುವ ಅರೆಪರಾವಲಂಬಿ ಮರ. ಕಂಪಿರುವುದು ವರ್ಷಗಟ್ಟಲೆ ಬಲಿಯುವ ಒಳಚೇಗಿನಲ್ಲಿ ಮತ್ತು ಬೇರಿನಲ್ಲಿ. ಆದುದರಿಂದ ಮರವನ್ನು ಬುಡಸಮೇತ ಕೀಳದೆ ಎಣ್ಣೆ ದೊರೆಯುವುದಿಲ್ಲ. ಕಾಡಿನ ಮರ ಕಳವಿಗೂ ರೋಗಕ್ಕೂ ಸಿಕ್ಕಿ ವಿರಳವಾದಂತೆ, ಅದೇ ಕಂಪನ್ನು ಹೋಲುವ ಕೃತಕ ದ್ರವ್ಯಗಳು ಅದರ ಸ್ಥಾನಕ್ಕೆ ಬಂದವು. ಇಂದು ‘ಶ್ರೀಗಂಧ’ವೆಂಬ ಹೆಸರು ಹೊತ್ತ ಅನೇಕ ಬತ್ತಿಗಳು ಮರದ ಸೋಂಕನ್ನೂ ಕಂಡಿಲ್ಲ.

ಇದನ್ನು ಕೇವಲ ನಷ್ಟವೆನ್ನುವಂತಿಲ್ಲ. ಕಸ್ತೂರಿಗಾಗಿ ಮೃಗಗಳನ್ನು ಕೊಲ್ಲುತ್ತಿದ್ದ ಕಾಲವನ್ನು ನೆನೆದರೆ, ಕೃತಕ ಕಸ್ತೂರಿ ಅಹಿಂಸೆಯ ದೃಷ್ಟಿಯಿಂದ ಒಂದು ಮುನ್ನಡೆ. ಪ್ರಶ್ನೆ ಕೃತಕವೋ ಸಹಜವೋ ಎಂಬುದಲ್ಲ. ಪ್ರಾಚೀನ ಗ್ರಂಥಕಾರ ಸಂಪಿಗೆಯ ಕಂಪನ್ನು ಕಟ್ಟಿದಾಗ, ಯಾವ ಯಾವ ದ್ರವ್ಯ, ಎಷ್ಟೆಷ್ಟು ಪಾಲು ಎಂಬುದನ್ನು ಪದ್ಯದಲ್ಲಿ ಬರೆದಿಟ್ಟ. ಓದುಗನಿಗೆ ಹೂವೂ ಗೊತ್ತಿತ್ತು, ಯುಕ್ತಿಯೂ ಗೊತ್ತಿತ್ತು. ಕಂಪು ಮಾತ್ರ ಉಳಿದು ಮರದ ಅರಿವು ಅಳಿದಾಗ ಅನುಕರಣೆಗೆ ಒರೆಗಲ್ಲು ಇಲ್ಲವಾಗುತ್ತದೆ. ತೆಂಗಾಳಿಯ ಸೋಂಕಿಗೆ, ಬಿರಿದ ಮಲ್ಲಿಗೆಗೆ ಬನವಾಸಿಯನ್ನು ನೆನೆದ ಪಂಪನ ಕಾವ್ಯ ಅರ್ಥವಾಗುವುದು ಮಲ್ಲಿಗೆಯನ್ನು ಬಲ್ಲವರಿಗೆ. ಹೂವು ಹೋದ ಮೇಲೂ ಎಳ್ಳಿನಲ್ಲಿ ವಾಸನೆ ಉಳಿಯುತ್ತದೆಂಬುದು ನಿಜ. ಎಳ್ಳಿಗೆ ಆ ಕಂಪು ಬಂದದ್ದು ಹೂವಿನಿಂದ ಎಂಬುದೂ ಅಷ್ಟೇ ನಿಜ. ಲೋಕೋಪಕಾರದಂತಹ ಗ್ರಂಥಗಳ ದ್ರವ್ಯನಾಮಗಳನ್ನು ಇಂದಿನ ಗಿಡಮರಗಳೊಂದಿಗೆ, ಗ್ರಂಥಿಗೆ ಅಂಗಡಿಯವರ ತಿಳಿವಳಿಕೆಯೊಂದಿಗೆ ಒಂದೊಂದಾಗಿ ಹೊಂದಿಸಿ ನೋಡುವ ಕೆಲಸ ಸಾಹಿತ್ಯದ ವಿದ್ಯಾರ್ಥಿಗೂ ಸಸ್ಯಶಾಸ್ತ್ರದ ವಿದ್ಯಾರ್ಥಿಗೂ ಜೊತೆಯಾಗಿ ಸೇರಿದ್ದು. ಆ ಅಂಗಡಿಗಳೂ ಆ ಗಿಡಗಳೂ ಇರುವಾಗಲೇ ಅದು ನಡೆಯಬೇಕು.